ಅಜ್ಜಿಯ ಕೈ ಹಿಡಿದು ಕೂತ ಇಪ್ಪತ್ತು ನಿಮಿಷ ಯಾವ ಲೆಕ್ಕಕ್ಕೆ?

ಪ್ರಶ್ನೆ: ನಾನು ಹಾಸನದ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ಒಂಬತ್ತು ವರ್ಷ ಸರ್ವಿಸ್ ಆಗಿದೆ. ಈಗ ಎಂ.ಎಸ್ಸಿ ನರ್ಸಿಂಗ್ ಮಾಡುತ್ತಿದ್ದೇನೆ. ಥಿಸಿಸ್‌ಗೆ ‘ನರ್ಸಿಂಗ್‌ನಲ್ಲಿ ಆಧ್ಯಾತ್ಮಿಕ ಆರೈಕೆ’ ಅನ್ನುವ ವಿಷಯ ತೆಗೆದುಕೊಂಡಿದ್ದೇನೆ. ಮೆಕ್‌ಶೆರ್ರಿ ಅವರ 17 ಹೇಳಿಕೆಗಳ ಟೂಲ್ (ಪ್ರಶ್ನಾವಳಿ) ಅನ್ನು ನಾನೇ ಕನ್ನಡಕ್ಕೆ ಮಾಡಿಕೊಂಡು, ಪೈಲಟ್ ಸ್ಟಡಿಗೆ, ಅಂದರೆ ಮೊದಲ ಸಣ್ಣ ಪರೀಕ್ಷೆಗೆ, 30 ಸಿಸ್ಟರ್‌ಗಳ ಹತ್ತಿರ ತುಂಬಿಸಿದೆ. ಹೆಚ್ಚುಕಡಿಮೆ ಎಲ್ಲರಿಗೂ ಒಳ್ಳೆಯ ಅಂಕ ಬಂತು. ಆದರೆ ವಾರ್ಡಿನಲ್ಲಿ ನಾನು ನೋಡುವುದೇ ಬೇರೆ. ಮೊನ್ನೆ ನೈಟ್ ಡ್ಯೂಟಿಯಲ್ಲಿ ಒಬ್ಬ ಅಜ್ಜಿಯ ಕೈ ಹಿಡಿದುಕೊಂಡು ಇಪ್ಪತ್ತು ನಿಮಿಷ ಕೂತಿದ್ದೆ. ಧರ್ಮಸ್ಥಳದ ಹರಕೆ ತೀರಿಸಿಲ್ಲ ಅಂತ ಅಳುತ್ತಿದ್ದರು. ಅದನ್ನು ಬರೆಯುವುದಕ್ಕೆ ನಮ್ಮಲ್ಲಿ ಒಂದು ಕಾಲಮ್ಮೂ ಇಲ್ಲ. ಇದನ್ನೆಲ್ಲ ನಿಜವಾಗಲೂ ಅಳೆಯೋಕೆ ಆಗುತ್ತಾ, ಮೇಡಂ?

ಉತ್ತರ:

ಸಿಸ್ಟರ್, ಅಳೆಯಬಹುದು. ಆದರೆ ನೀವು ಈಗ ಅಳೆದಿರುವುದು ಆರೈಕೆಯನ್ನಲ್ಲ. ಆರೈಕೆಯ ಬಗ್ಗೆ ಸಿಸ್ಟರ್‌ಗಳಿಗೆ ಏನನ್ನಿಸುತ್ತದೆ ಅನ್ನುವುದನ್ನು. ಅಂಕ ಒಂದು ಹೇಳುತ್ತದೆ, ವಾರ್ಡ್ ಇನ್ನೊಂದು ಹೇಳುತ್ತದೆ ಅಂತ ನಿಮಗೇ ಅನುಮಾನ ಬಂದಿದೆಯಲ್ಲ, ಅದನ್ನು ಬಿಡಬೇಡಿ. ನಿಮ್ಮ ಥಿಸಿಸ್‌ನ ಜೀವ ಇರುವುದು ಅಲ್ಲೇ.

ಮೊದಲು ಆ ಟೂಲ್ ವಿಚಾರ. ವಿಲ್ಫ್ರೆಡ್ ಮೆಕ್‌ಶೆರ್ರಿ ಮತ್ತು ಅವರ ಜೊತೆಗಾರರು ಬ್ರಿಟನ್‌ನಲ್ಲಿ ಅದನ್ನು ಮಾಡಿ 2002ರಲ್ಲಿ ಪ್ರಕಟಿಸಿದರು. 17 ಹೇಳಿಕೆಗಳು. ಪ್ರತಿಯೊಂದಕ್ಕೂ ‘ಖಂಡಿತ ಒಪ್ಪುವುದಿಲ್ಲ’ದಿಂದ ‘ಖಂಡಿತ ಒಪ್ಪುತ್ತೇನೆ’ ತನಕ ಐದು ಮೆಟ್ಟಿಲು. ಅಧ್ಯಾತ್ಮ ಅಂದರೆ ನರ್ಸ್‌ಗಳು ಏನೆಂದು ತಿಳಿದಿದ್ದಾರೆ, ದೇವಸ್ಥಾನ ಚರ್ಚಿಗೆ ಹೋಗುವುದಷ್ಟೇ ಅಂತಲೋ, ಅದಕ್ಕಿಂತ ದೊಡ್ಡದು ಅಂತಲೋ, ರೋಗಿಯ ಮಾತು ಕೇಳುವುದು ಅದರ ಭಾಗವಾ, ಇಂಥದ್ದನ್ನು ಅದು ಕೇಳುತ್ತದೆ. ಒಳ್ಳೆಯ ಟೂಲ್. ಎಷ್ಟೋ ದೇಶಗಳಲ್ಲಿ ಬಳಸಿದ್ದಾರೆ. ಆದರೆ ಅದನ್ನು ಮಾಡಿದ್ದು ನರ್ಸ್‌ಗಳ ತಿಳಿವಳಿಕೆ ನೋಡುವುದಕ್ಕೆ. ನಿನ್ನೆ ರಾತ್ರಿ 14ನೇ ಬೆಡ್‌ನಲ್ಲಿ ಏನಾಯಿತು ಅಂತ ಅದಕ್ಕೆ ಗೊತ್ತಾಗುವುದಿಲ್ಲ.

ಕೈ ತೊಳೆಯುವ ವಿಚಾರ ತೆಗೆದುಕೊಳ್ಳಿ. ಒಬ್ಬ ರೋಗಿಯಿಂದ ಇನ್ನೊಬ್ಬರ ಹತ್ತಿರ ಹೋಗುವ ಮುಂಚೆ ಕೈ ತೊಳೆಯಬೇಕಾ ಅಂತ ಕೇಳಿದರೆ ನೂರಕ್ಕೆ ನೂರು ಜನ ಹೌದು ಅನ್ನುತ್ತಾರೆ. ತೊಳೆಯುತ್ತಾರಾ ಅಂತ ತಿಳಿಯಬೇಕಾದರೆ ಸಿಂಕ್ ಹತ್ತಿರ ನಿಂತು ನೋಡಬೇಕು. ರೋಗಿಯ ದುಃಖ ಕೇಳುವುದು ನರ್ಸಿಂಗ್‌ನ ಭಾಗ ಅಂತ ಕಾಗದದ ಮೇಲೆ ಬರೆದು ಕೊಟ್ಟರೆ ಯಾವ ಸಿಸ್ಟರ್ ತಾನೇ ಇಲ್ಲ ಅಂತಾರೆ? ಅದರ ಮೇಲೆ, ಫಾರ್ಮ್ ಕೊಟ್ಟವರು ನೀವು. ಅದೇ ಆಸ್ಪತ್ರೆಯವರು. ತುಂಬಿಸುವಾಗ ಇನ್‌ಚಾರ್ಜ್ ಸಿಸ್ಟರ್ ಅಲ್ಲೇ ಇದ್ದಿರಬಹುದು. ಒಳ್ಳೆಯವರಾಗಿ ಕಾಣಬೇಕು ಅನ್ನುವ ಆಸೆ ಯಾರಿಗಿಲ್ಲ? ಅವರು ಸುಳ್ಳು ಹೇಳಿದರು ಅಂತ ನಾನು ಹೇಳುತ್ತಿಲ್ಲ. ಹಾಗೆ ಇರಬೇಕು ಅಂತ ಅವರು ಮನಸಾರೆ ನಂಬಿದ್ದಾರೆ. ನಂಬಿಕೆಯನ್ನು ಕೇಳಿದಿರಿ, ನಂಬಿಕೆ ಸಿಕ್ಕಿತು.

ಹಾಗಾಗಿ ನೀವು ಮೂರು ವಿಷಯಗಳನ್ನು ಬೇರೆ ಬೇರೆಯಾಗಿ ಇಡಬೇಕು. ಸಿಸ್ಟರ್ ಏನು ನಂಬುತ್ತಾರೆ. ಸಿಸ್ಟರ್ ಏನು ಮಾಡಿದರು. ರೋಗಿಗೆ ಏನು ಮುಟ್ಟಿತು. ನಾನು ನೋಡಿದ ಥಿಸಿಸ್‌ಗಳಲ್ಲಿ ಮೊದಲನೆಯದನ್ನು ಅಳೆದು ಮೂರನೆಯದರ ಬಗ್ಗೆ ತೀರ್ಮಾನ ಬರೆದವೇ ಜಾಸ್ತಿ. ಡಚ್ಚರ ವಾನ್ ಲೀವೆನ್ ಅವರ ತಂಡ 2009ರಲ್ಲಿ ತಂದ 27 ಪ್ರಶ್ನೆಗಳ ಟೂಲ್ ಒಂದಿದೆ. ಅದು ನಂಬಿಕೆ ಬಿಟ್ಟು ಸಾಮರ್ಥ್ಯ ಕೇಳುತ್ತದೆ. ರೋಗಿಯ ಅಗತ್ಯ ಗುರುತಿಸಲು ಬರುತ್ತದಾ, ಬರೆದಿಡಲು ಬರುತ್ತದಾ, ಬೇರೆಯವರ ಹತ್ತಿರ ಕಳಿಸಲು ಗೊತ್ತಾ ಅಂತ. ಒಂದು ಹೆಜ್ಜೆ ಮುಂದೆ. ಆದರೂ ಅಂಕ ಹಾಕಿಕೊಳ್ಳುವವರು ನಾವೇ.

ಈಗ ನಿಮ್ಮ ಕನ್ನಡದ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು.

‘ಆಧ್ಯಾತ್ಮಿಕ’ ಅನ್ನುವ ಪದವನ್ನು ನಮ್ಮ ರೋಗಿಗಳ ಮುಂದೆ ಆಡಿ ನೋಡಿದ್ದೀರಾ? ನಾನು ಆಡಿದ್ದೇನೆ. ಬಹಳ ವರ್ಷಗಳ ಹಿಂದೆ, ಅರಕಲಗೂಡು ಕಡೆಯ ಒಬ್ಬರು ಅಜ್ಜಿ. ಗರ್ಭಕೋಶದ ಕ್ಯಾನ್ಸರ್. ನಾನು ಹೊಸದಾಗಿ ಈ ವಿಷಯ ಓದಿಕೊಂಡಿದ್ದೆ. ಕೈಯಲ್ಲಿ ಪ್ಯಾಡ್ ಹಿಡಿದು, “ಅಜ್ಜಿ, ನಿಮಗೆ ಆಧ್ಯಾತ್ಮಿಕವಾಗಿ ಏನಾದರೂ ತೊಂದರೆ ಇದೆಯಾ?” ಅಂತ ಕೇಳಿದೆ. ಅವರು ನನ್ನ ಮುಖ ನೋಡಿ, “ಅವೆಲ್ಲ ಸ್ವಾಮಿಗಳಿಗೆ ಕಣವ್ವ. ನಾವು ದನ ಕಾಯ್ಕಂಡು ಇದ್ದೋರು” ಅಂದರು. ಪ್ಯಾಡಿನಲ್ಲಿ ‘ಇಲ್ಲ’ ಅಂತ ಟಿಕ್ ಹಾಕಿದೆ. ಸಂಜೆ ತಲೆ ಬಾಚುತ್ತಾ ಇದ್ದಾಗ ಸುಮ್ನೆ ಕೇಳಿದೆ, “ಮನಸ್ಸಿಗೆ ನೆಮ್ಮದಿ ಇದೆಯಾ ಅಜ್ಜಿ?” ಅಷ್ಟೇ. ಅವರು ಮಾತು ಶುರು ಮಾಡಿದವರು ದೀಪ ಹಚ್ಚುವ ಹೊತ್ತಿನ ತನಕ ನಿಲ್ಲಿಸಲಿಲ್ಲ. ಸತ್ತ ಮಗನ ವಿಷಯ. ಅವನ ಮೇಲೆ ಕೋಪ ಮಾಡಿಕೊಂಡು ಮಾತು ಬಿಟ್ಟಿದ್ದರಂತೆ. ಅದಾದ ತಿಂಗಳಿಗೇ ಅವನು ಹೋಗಿಬಿಟ್ಟ. ಈ ಕಾಯಿಲೆ ಬಂದಿದ್ದೇ ಅದಕ್ಕೆ ಅಂತ ಅವರು ನಂಬಿದ್ದರು. ನಾನು ಬೆಳಿಗ್ಗೆ ‘ತೊಂದರೆ ಇಲ್ಲ’ ಅಂತ ಟಿಕ್ ಹಾಕಿದ್ದು ಇದಕ್ಕೆ.

ನಮ್ಮ ಕಿವಿಗೆ ಅಧ್ಯಾತ್ಮ ಅಂದರೆ ಮಠ, ಪ್ರವಚನ, ಧ್ಯಾನ. ಸಂಸಾರ ದಾಟಿದವರ ಮಾತು. ಆದರೆ ನರ್ಸಿಂಗ್‌ನಲ್ಲಿ ಈ ಪದ ಬಂದಿರುವ ದಾರಿ ಬೇರೆ. ಲಂಡನ್ನಿನ ಸಿಸಿಲಿ ಸಾಂಡರ್ಸ್ ಮೊದಲು ನರ್ಸ್ ಆಗಿದ್ದವರು, ಆಮೇಲೆ ಸಮಾಜ ಸೇವಕಿ, ಆಮೇಲೆ ಡಾಕ್ಟರ್. 1967ರಲ್ಲಿ ಸಾಯುವ ಹಂತದ ರೋಗಿಗಳನ್ನು ನೋಡಿಕೊಳ್ಳುವ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದರು. ಸಾಯುವ ರೋಗಿಯ ನೋವು ಮೈಯದ್ದು ಮಾತ್ರ ಅಲ್ಲ, ಮನಸ್ಸಿನದ್ದೂ ಇದೆ, ಮನೆಯವರದ್ದೂ ಇದೆ, ‘ನನಗೇ ಯಾಕೆ’ ಅನ್ನುವ ಒಳಗಿನ ನೋವೂ ಇದೆ, ಎಲ್ಲ ಸೇರಿ ಒಂದೇ ನೋವು ಅಂತ ಹೇಳಿಕೊಟ್ಟವರು ಅವರು. ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ ಪ್ಯಾಲಿಯೇಟಿವ್ ಆರೈಕೆಗೆ (ಗಂಭೀರ ಕಾಯಿಲೆಯವರ ನೋವು ಕಮ್ಮಿ ಮಾಡುವ ಆರೈಕೆ) ಕೊಟ್ಟ ವ್ಯಾಖ್ಯಾನದಲ್ಲೂ ಈ ಒಳಗಿನ ನೋವು ಸೇರಿದೆ. ಅಂದರೆ ನಾವು ಕೇಳಬೇಕಾದ್ದು ದೇವರ ಲೆಕ್ಕವನ್ನಲ್ಲ. ಈ ಮನುಷ್ಯನನ್ನು ಒಳಗಿನಿಂದ ಹಿಡಿದು ನಿಲ್ಲಿಸಿರುವುದು ಯಾವುದು, ಅದು ಈಗ ಅಲ್ಲಾಡುತ್ತಿದೆಯಾ ಅಂತ.

ಇದಕ್ಕೆ ಕನ್ನಡದಲ್ಲಿ ಪದಗಳಿಗೆ ಬರವಿಲ್ಲ. ನೆಮ್ಮದಿ. ಧೈರ್ಯ. ಮನಸ್ಸಿನ ಭಾರ. ಋಣ. ಹರಕೆ. ‘ಯಾರ ಹತ್ತಿರ ಹೇಳಿಕೊಳ್ಳುತ್ತೀರಿ?’ ‘ಏನು ನೆನೆಸಿಕೊಂಡರೆ ಧೈರ್ಯ ಬರುತ್ತೆ?’ ಅಮೆರಿಕದಲ್ಲಿ ಸ್ಟೈನ್‌ಹೌಸರ್ ಮತ್ತು ಅವರ ಜೊತೆಗಾರರು 2006ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಾಯಿಲೆ ಜೋರಾಗಿರುವ ರೋಗಿಗಳನ್ನು ಒಂದೇ ಪ್ರಶ್ನೆ ಕೇಳಿದರೂ ಸಾಕು, ಒಳಗಿನ ವಿಷಯಕ್ಕೆ ಬಾಗಿಲು ತೆರೆಯುತ್ತದೆ ಅಂತ. ಆ ಪ್ರಶ್ನೆ ಕನ್ನಡಕ್ಕೆ ಬಂದರೆ ನಮ್ಮ ಅಜ್ಜಿಗೆ ಕೇಳಿದ್ದೇ ಆಗುತ್ತದೆ: ನೆಮ್ಮದಿ ಇದೆಯಾ? ನಾನು ಅದನ್ನು ಕೇಳಿದಾಗ ಅವರ ಅಧ್ಯಯನ ಓದಿರಲಿಲ್ಲ. ಓದಿದ ಮೇಲೆ ಬಹಳ ಸಂತೋಷವಾಯಿತು.

ಹಾಗಾದರೆ ಟೂಲ್ ಅನ್ನು ಕನ್ನಡಕ್ಕೆ ತರುವಾಗ ಏನು ಮಾಡಬೇಕು? ಮೊದಲನೆಯದು, ಟೂಲ್ ಮಾಡಿದವರ ಅನುಮತಿ. ನೀವೇ ಮಾಡಿಕೊಂಡೆ ಅಂತ ಬರೆದಿದ್ದೀರಿ. ಅನುಮತಿ ಕೇಳಿ ಇಮೇಲ್ ಕಳಿಸಿಲ್ಲದಿದ್ದರೆ ಇವತ್ತೇ ಕಳಿಸಿ. ಕನ್ನಡದ ರೂಪ ಆಗಲೇ ಇದೆಯಾ ಅಂತಲೂ ಅದರಲ್ಲೇ ಕೇಳಿ. ಇಲ್ಲ ಅಂದರೆ ಎರಡು ಭಾಷೆ ಚೆನ್ನಾಗಿ ಗೊತ್ತಿರುವ ಇಬ್ಬರು ಬೇರೆ ಬೇರೆ ಕೂತು ಕನ್ನಡಕ್ಕೆ ತರಬೇಕು. ಎರಡನ್ನೂ ಕೂಡಿಸಿ ಒಂದು ಮಾಡಿ. ಮೂಲ ಟೂಲ್ ನೋಡಿರದ ಇನ್ನೊಬ್ಬರು ಅದನ್ನು ವಾಪಸ್ ಇಂಗ್ಲಿಷಿಗೆ ತರಲಿ. ಎಲ್ಲಿ ಅರ್ಥ ಜಾರಿದೆ ಅಂತ ಆಗ ಕಣ್ಣಿಗೆ ಬೀಳುತ್ತದೆ. ಆಮೇಲೆ ಏಳೆಂಟು ಸಿಸ್ಟರ್‌ಗಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು, ಈ ವಾಕ್ಯ ಓದಿದಾಗ ನಿಮಗೆ ಏನು ಅರ್ಥ ಆಯಿತು, ನಿಮ್ಮ ಮಾತಿನಲ್ಲೇ ಹೇಳಿ ಅಂತ ಕೇಳಿ. ಪುಸ್ತಕಗಳಲ್ಲಿ ಈ ಹೆಜ್ಜೆಗೆ ಒಂದೆರಡು ಸಾಲು ಕೊಟ್ಟಿರುತ್ತಾರೆ. ನನ್ನ ಅನುಭವದಲ್ಲಿ ಇದರಷ್ಟು ಕಲಿಸುವ ಹೆಜ್ಜೆ ಬೇರೆ ಇಲ್ಲ.

ಎರಡು ಕಡೆ ಎಡವುತ್ತೀರಿ, ಈಗಲೇ ಹೇಳಿಬಿಡುತ್ತೇನೆ. ಆ ಟೂಲಿನಲ್ಲಿ ಆಸ್ಪತ್ರೆಯ ಚಾಪ್ಲಿನ್ ಅನ್ನು ಕರೆಸುವ ಮಾತಿದೆ. ಅಲ್ಲಿನ ಆಸ್ಪತ್ರೆಗಳಲ್ಲಿ ರೋಗಿಗಳ ಜೊತೆ ಮಾತಾಡುವುದಕ್ಕೇ ಅಂತ ನೇಮಕ ಆದ ಧರ್ಮಗುರು ಇರುತ್ತಾರೆ. ನಮ್ಮ ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲಿ ಆ ಹುದ್ದೆಯೇ ಇಲ್ಲ. ಅದನ್ನು ‘ಅರ್ಚಕರು’ ಅಂತ ಮಾಡಿದರೆ ಅರ್ಥ ಪೂರ್ತಿ ಬದಲಾಗಿಹೋಗುತ್ತದೆ. ನಮ್ಮ ಅರ್ಚಕರು ಪೂಜೆ ಮಾಡುತ್ತಾರೆ, ರೋಗಿಯ ಪಕ್ಕ ಕೂತು ದುಃಖ ಕೇಳುವುದು ಅವರ ಕೆಲಸ ಅಂತ ನಾವು ಅಂದುಕೊಂಡಿಲ್ಲ. ಇನ್ನೊಂದು, ಉಲ್ಟಾ ಹೇಳಿಕೆಗಳು. ದೇವರನ್ನು ನಂಬದವರಿಗೆ ಇದು ಅನ್ವಯಿಸುವುದಿಲ್ಲ ಅನ್ನುವ ಅರ್ಥದ ಹೇಳಿಕೆ ಇದೆಯಲ್ಲ, ಅದನ್ನು ‘ಒಪ್ಪುವುದಿಲ್ಲ’ ಅಂತ ಗುರುತು ಮಾಡಿದರೆ ಅಂಕ ಜಾಸ್ತಿ. ಕನ್ನಡದಲ್ಲಿ ಅದು ‘ಅನ್ವಯಿಸುವುದಿಲ್ಲ ಅನ್ನುವುದನ್ನು ಒಪ್ಪುವುದಿಲ್ಲ’ ಅಂತಾಗುತ್ತದೆ. ಹನ್ನೆರಡು ಗಂಟೆ ನೈಟ್ ಮುಗಿಸಿದವರಿಗೆ ಅದು ತಲೆಗೆ ಹೋಗುತ್ತದಾ? ನಿಮ್ಮ 30 ಫಾರ್ಮ್ ತೆಗೆದು ಆ ಹೇಳಿಕೆಗಳಿಗೆ ಏನು ಉತ್ತರ ಬಂದಿದೆ ಅಂತ ಮೊದಲು ನೋಡಿ. ಮೇಲಿಂದ ಕೆಳಗೆ ಒಂದೇ ಕಾಲಮಿನಲ್ಲಿ ಟಿಕ್ ಇಳಿದು ಬಂದಿದ್ದರೆ, ಅವರು ಓದದೇ ಹಾಕಿದ್ದಾರೆ ಅಂತಲೇ ಅರ್ಥ. ಆ ಟೂಲಿನಲ್ಲಿ ಉಲ್ಟಾ ಹೇಳಿಕೆಗಳಿಂದ ನಮಗೆ ಆಗುವ ದೊಡ್ಡ ಉಪಕಾರ ಅದೇ.

ನಿಮ್ಮ ಗೈಡ್ ಕ್ರೋನ್‌ಬಾಕ್ ಆಲ್ಫಾ ಕೇಳುತ್ತಾರೆ. ಕ್ರೋನ್‌ಬಾಕ್ ಅದನ್ನು ಪ್ರಕಟಿಸಿದ 1951ರಿಂದ ಎಲ್ಲರೂ ಕೇಳುತ್ತಲೇ ಬಂದಿದ್ದಾರೆ. 0.70 ದಾಟಿದರೆ ಸಾಕು ಅನ್ನುವುದು ರೂಢಿ. ಅದು ಬರೀ ಪ್ರಶ್ನೆಗಳು ಒಂದಕ್ಕೊಂದು ಹೊಂದಿಕೊಂಡಿವೆಯಾ ಅಂತ ಹೇಳುತ್ತದೆ. ಸಂತೆಯಲ್ಲಿ ತಕ್ಕಡಿ ಪ್ರತಿ ಸಲವೂ ನೂರು ಗ್ರಾಂ ಕಮ್ಮಿ ತೋರಿಸಿದರೆ ಅದು ತಪ್ಪದೇ ಒಂದೇ ತೂಕ ತೋರಿಸುತ್ತಿದೆ, ಸರಿ ತೂಕವನ್ನಲ್ಲ. ಆಲ್ಫಾ ಚೆನ್ನಾಗಿ ಬಂತು ಅಂತ ನಿಶ್ಚಿಂತೆಯಾಗಿ ಇರಬೇಡಿ.

ಇನ್ನು ಎರಡನೆಯದು, ಸಿಸ್ಟರ್ ಏನು ಮಾಡಿದರು. ನನಗೆ ಬಹಳ ಇಷ್ಟವಾದ ಭಾಗ ಇದು.

ಅಮೆರಿಕದ ಎಲಿಜಬೆತ್ ಜಾನ್‌ಸ್ಟನ್ ಟೇಲರ್ ಅನ್ನುವವರು ಮಾಡಿದ ಒಂದು ಟೂಲ್ ಇದೆ. ಅದರಲ್ಲೂ 17 ಪ್ರಶ್ನೆ. ಆದರೆ ಒಪ್ಪುತ್ತೀರಾ ಅಂತ ಅದು ಕೇಳುವುದಿಲ್ಲ. ಕಳೆದ 72ರಿಂದ 80 ಗಂಟೆಯ ಡ್ಯೂಟಿಯಲ್ಲಿ ಇದನ್ನು ಎಷ್ಟು ಸಲ ಮಾಡಿದಿರಿ ಅಂತ ಕೇಳುತ್ತದೆ. ರೋಗಿಯ ಒಳಗಿನ ಮಾತು ಕೇಳಿದಿರಾ, ಕೆಲಸ ಇಲ್ಲದಿದ್ದರೂ ಸುಮ್ಮನೆ ಹತ್ತಿರ ಕೂತಿರಾ, ಅದನ್ನು ಬರೆದಿಟ್ಟಿರಾ. ನೋಡಿ, ಪ್ರಶ್ನೆ ಕಾಲ ಹಿಡಿದು ಕೇಳಿತು. ಲೆಕ್ಕ ಕೇಳಿತು. ‘ಯಾವಾಗಲೂ ಮಾಡುತ್ತೇನೆ’ ಅನ್ನುವ ಸುಲಭದ ಉತ್ತರಕ್ಕೆ ಜಾಗ ಕಮ್ಮಿಯಾಯಿತು. ನೀವು ನಿಮ್ಮ 20 ನಿಮಿಷಕ್ಕೆ ಕಾಲಮ್ ಹುಡುಕುತ್ತಿದ್ದಿರಿ. ಇಲ್ಲಿದೆ.

ಆದರೆ ಅವರ ಪಟ್ಟಿಯಲ್ಲಿ ನಮ್ಮ ಊರಿನದ್ದು ಇಲ್ಲ. ಅದನ್ನು ನೀವೇ ಸೇರಿಸಬೇಕು. ಒಂದು ಘಟನೆ ಹೇಳುತ್ತೇನೆ. ಕಡೂರು ಕಡೆಯ ಒಬ್ಬರು ಯಜಮಾನರು, ಹರ್ನಿಯಾ ಆಪರೇಷನ್. ಬೆಳಿಗ್ಗೆ ಏಳಕ್ಕೆ ಓಟಿಗೆ ಕಳಿಸಬೇಕು. ಎದೆಯ ಮೇಲೆ ಬೆಳ್ಳಿಯ ಕರಡಿಗೆಯಲ್ಲಿ ಇಷ್ಟಲಿಂಗ. ಚೆಕ್‌ಲಿಸ್ಟ್‌ನಲ್ಲಿ ‘ಒಡವೆ ತೆಗೆದಿದೆ’ ಅಂತ ಒಂದು ಸಾಲು. ಹೊಸ ಹುಡುಗಿಯೊಬ್ಬಳು ಅವಸರದಲ್ಲಿ ಶಿವದಾರಕ್ಕೆ ಕೈ ಹಾಕಿದಳು. ಅವರು ಅವಳ ಮಣಿಕಟ್ಟು ಹಿಡಿದುಕೊಂಡುಬಿಟ್ಟರು. ಬೈಯಲಿಲ್ಲ. ಕೈ ನಡುಗುತ್ತಿತ್ತು, ಅಷ್ಟೇ. ಬಿಪಿ ಏರಿ ಆಪರೇಷನ್ ಮಧ್ಯಾಹ್ನಕ್ಕೆ ಹೋಯಿತು. ಅಲ್ಲಿದ್ದ ಹಿರಿಯ ಸಿಸ್ಟರ್ ಬಂದು, ಕರೆಂಟಿನ ಉಪಕರಣ ಬಳಸುವಾಗ ಮೈಮೇಲೆ ಲೋಹ ಇದ್ದರೆ ಸುಡುವ ಅಪಾಯ ಇದೆ ಅಂತ ಮೊದಲು ಬಿಡಿಸಿ ಹೇಳಿದರು. ಆಮೇಲೆ, “ನೀವೇ ನಿಮ್ಮ ಕೈಯಾರೆ ತೆಗೆದು ಮಗನ ಕೈಗೆ ಕೊಡ್ತೀರಾ? ಕಣ್ಣು ಬಿಟ್ಟ ತಕ್ಷಣ ವಾಪಸ್ ಕಟ್ಟಿಕೊಳ್ಳಬಹುದು” ಅಂತ ಕೇಳಿದರು. ಅವರು ತೆಗೆದರು. ಕಣ್ಣಿಗೊತ್ತಿಕೊಂಡರು. ಮಗ ಸ್ನಾನ ಮಾಡಿ ಬಂದು, ಮಡಿ ಬಟ್ಟೆಯಲ್ಲಿ ತೆಗೆದುಕೊಂಡ. ಇಡೀ ಕೆಲಸಕ್ಕೆ ಹಿಡಿದದ್ದು ನಾಲ್ಕೈದು ನಿಮಿಷದ ಮಾತು.

ಇದನ್ನು ಅಳೆಯುವುದು ಕಷ್ಟವಾ? ಚೂರೂ ಇಲ್ಲ. ‘ಒಡವೆ ತೆಗೆದಿದೆ’ ಅನ್ನುವ ಸಾಲಿನ ಕೆಳಗೆ ಇನ್ನೊಂದು ಸಾಲು: ಮೈಮೇಲಿರುವ ಪವಿತ್ರ ವಸ್ತು ಯಾವುದು, ಯಾರು ತೆಗೆದರು, ಯಾರ ಕೈಗೆ ಕೊಟ್ಟರು, ಎಷ್ಟು ಹೊತ್ತಿಗೆ ವಾಪಸ್ ಬಂತು. ಇಷ್ಟಲಿಂಗ ಇರಬಹುದು, ತಾಳಿ, ಜನಿವಾರ, ತಾಯತ, ಶಿಲುಬೆ ಇರಬಹುದು. ಉಡಿದಾರವನ್ನಂತೂ ಕತ್ತರಿಯಲ್ಲಿ ಕತ್ತರಿಸಿ ಬಕೆಟ್ಟಿಗೆ ಹಾಕುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ಮೊದಲಿನ ವರ್ಷಗಳಲ್ಲಿ ನಾನೂ ಹಾಗೆ ಮಾಡಿದ್ದೇನೆ. ಒಂದು ಮಾತು ಕೇಳಿ ಬಿಚ್ಚಿಸಬಹುದಿತ್ತು ಅಂತ ಈಗಲೂ ಮನಸ್ಸಿಗೆ ನೋವಾಗುತ್ತದೆ.

ಶ್ರವಣಬೆಳಗೊಳ ನಿಮ್ಮ ಜಿಲ್ಲೆಯದೇ. ಅಲ್ಲಿಂದ ಬರುವ ಜೈನ ಹಿರಿಯರಲ್ಲಿ ಸೂರ್ಯ ಮುಳುಗಿದ ಮೇಲೆ ಏನೂ ತಿನ್ನದವರಿದ್ದಾರೆ, ನೀರೂ ಮುಟ್ಟದವರಿದ್ದಾರೆ. ರಾತ್ರಿ ಒಂಬತ್ತಕ್ಕೆ ಊಟ ಆದಮೇಲೆ ಅಂತ ಬರೆದ ಮಾತ್ರೆಯನ್ನು ಅವರು ತಲೆದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಾರೆ. ಕೇಸ್ ಶೀಟಿನಲ್ಲಿ ‘ಕೊಟ್ಟಿದೆ’ ಅಂತ ಇರುತ್ತದೆ. ಸೇರಿದ ದಿನವೇ ಕೇಳಿದ್ದರೆ ಡಾಕ್ಟರ್ ಹತ್ತಿರ ಹೇಳಿ ಹೊತ್ತು ಬದಲಿಸಬಹುದು. ನಮ್ಮ ಮೂಡಿಗೆರೆ, ಕೊಪ್ಪದ ಕಾಫಿ ಎಸ್ಟೇಟಿನ ಲೈನ್ ಮನೆಗಳಿಂದ ಬರುವವರ ಕಷ್ಟ ಇನ್ನೊಂದು. ಬೇರೆ ರಾಜ್ಯದವರು, ಭಾಷೆ ಬರುವುದಿಲ್ಲ, ಅಟೆಂಡರ್ ಇಲ್ಲ. ಅವರ ನೆಮ್ಮದಿ ಕೆಲವು ಸಲ ಊರಿಗೆ ಒಂದು ಫೋನ್ ಮಾಡಿಸುವುದರಲ್ಲಿ ಇರುತ್ತದೆ. ಮಲಗಿದ್ದಲ್ಲೇ ನಮಾಜ್ ಮಾಡುವ ತಾತನಿಗೆ ಮಂಚವನ್ನು ಪಶ್ಚಿಮದ ಕಡೆ ಸ್ವಲ್ಪ ತಿರುಗಿಸಿ ಕೊಟ್ಟರೆ ಆಯಿತು. ಇವೆಲ್ಲ ಕಣ್ಣಿಗೆ ಕಾಣುವ ಕೆಲಸ. ಎಣಿಸಬಹುದು.

ನೀವು ನಿಮ್ಮ ವಾರ್ಡಿನಲ್ಲಿ ಎಣಿಸಬೇಕಾದ್ದು ನಾಲ್ಕೇ ಸಂಗತಿ ಅಂತ ನಾನು ಹೇಳುತ್ತೇನೆ. ರೋಗಿ ಸೇರಿದ ಮೊದಲ ದಿನದೊಳಗೆ ಕೇಳಿದರಾ? ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದರಾ? ಅದಕ್ಕೆ ಏನಾದರೂ ಮಾಡಿದರಾ? ಮುಂದಿನ ಶಿಫ್ಟಿಗೆ ಹೇಳಿದರಾ? ಕೊನೆಯದೇ ನಮ್ಮಲ್ಲಿ ತಪ್ಪಿಹೋಗುವುದು. ಹ್ಯಾಂಡ್‌ಓವರ್‌ನಲ್ಲಿ ಡ್ರಿಪ್ ಎಷ್ಟು ಉಳಿದಿದೆ ಅಂತ ಹೇಳುತ್ತೇವೆ. ರಾತ್ರಿ ಅತ್ತರು ಅಂತ ಹೇಳುವುದಿಲ್ಲ. ಬೆಳಿಗ್ಗೆಯ ಸಿಸ್ಟರ್ ಬಂದು ಅದೇ ಅಜ್ಜಿಗೆ, “ಏನಜ್ಜಿ, ಚೆನ್ನಾಗಿ ನಿದ್ದೆ ಮಾಡಿದ್ರಾ?” ಅಂತ ಕೇಳುತ್ತಾರೆ. ಅಜ್ಜಿ ಹೂಂ ಅನ್ನುತ್ತಾರೆ. ಇನ್ನೊಂದು ಸಲ ಮೊದಲಿಂದ ಹೇಳುವ ತ್ರಾಣ ಅವರಿಗೆಲ್ಲಿದೆ?

ಇದರ ಜೊತೆಗೆ ಆ ಶಿಫ್ಟಿನಲ್ಲಿ ಒಬ್ಬ ಸಿಸ್ಟರ್‌ಗೆ ಎಷ್ಟು ಬೆಡ್ ಇತ್ತು ಅಂತ ತಪ್ಪದೇ ಬರೆದುಕೊಳ್ಳಿ. ಇದಿಲ್ಲದೆ ಆರೈಕೆಯ ಅಂಕ ಕೊಡುವುದು ಅನ್ಯಾಯ. ಮೂವತ್ತು ಬೆಡ್ ನೋಡಿಕೊಂಡವರು ಯಾರ ಹತ್ತಿರವೂ ಕೂರಲಿಲ್ಲ ಅಂದರೆ ಅದು ಅವರ ಮನಸ್ಸಿನ ಕೊರತೆ ಅಲ್ಲ. ಮೇಲಿನವರ ಮೇಜಿಗೆ ಹೋಗುವ ವರದಿಯಲ್ಲಿ ಈ ಎರಡು ಸಂಖ್ಯೆ ಅಕ್ಕಪಕ್ಕ ಇರಲಿ.

ಮೂರನೆಯದು ರೋಗಿಗೆ ಮುಟ್ಟಿದ್ದು. ಇದಕ್ಕೆ ಫ್ಯಾಸಿಟ್-ಎಸ್‌ಪಿ ಅನ್ನುವ 12 ಪ್ರಶ್ನೆಗಳ ಟೂಲ್ ಇದೆ. ಕಳೆದ ಏಳು ದಿನದ ಬಗ್ಗೆ ಕೇಳುತ್ತದೆ. ಒಂದೊಂದಕ್ಕೂ 0ಯಿಂದ 4, ಒಟ್ಟು 48. ಅದರಲ್ಲಿ ಎರಡು ಎಳೆ ಇದೆ. ಬದುಕಿಗೆ ಅರ್ಥ ಇದೆ, ಮನಸ್ಸು ಶಾಂತವಾಗಿದೆ ಅನ್ನುವುದು ಒಂದು. ನಂಬಿಕೆಯಿಂದ ಬಲ ಸಿಗುತ್ತಿದೆ ಅನ್ನುವುದು ಇನ್ನೊಂದು. ದಯವಿಟ್ಟು ಎರಡನ್ನೂ ಬೇರೆ ಬೇರೆ ತೋರಿಸಿ. ದಿನಕ್ಕೆ ಮೂರು ಹೊತ್ತು ಪೂಜೆ ಮಾಡಿ ಒಳಗೆ ಬೇಯುತ್ತಿರುವವರಿದ್ದಾರೆ. ಯಾವ ದೇವರಿಗೂ ಕೈ ಮುಗಿಯದೆ ನೆಮ್ಮದಿಯಾಗಿ ಹೋದವರನ್ನೂ ನೋಡಿದ್ದೇನೆ. ಒಟ್ಟು ಅಂಕದಲ್ಲಿ ಇಬ್ಬರೂ ಒಂದೇ ಥರ ಕಾಣಬಹುದು.

ರೋಗಿಯ ಅಂಕ ಇಳಿಯಿತು ಅಂದರೆ ಸಿಸ್ಟರ್ ಸರಿಯಾಗಿ ನೋಡಿಕೊಳ್ಳಲಿಲ್ಲ ಅಂತಲೂ ಬರೆಯಬೇಡಿ. ಕಾಯಿಲೆ ಏರಿರಬಹುದು, ಮನೆಯಲ್ಲಿ ಏನೋ ಆಗಿರಬಹುದು. ಆರೈಕೆ ಮುಟ್ಟಿತಾ ಅಂತ ತಿಳಿಯಬೇಕಾದರೆ ಆರೈಕೆಯ ಬಗ್ಗೆಯೇ ಕೇಳಬೇಕು. ‘ನಿಮ್ಮ ಮನಸ್ಸಿನ ವಿಷಯ ಇಲ್ಲಿ ಯಾರಾದರೂ ಕೇಳಿದರಾ? ಹೇಳಿಕೊಳ್ಳಲು ಬಿಟ್ಟರಾ? ಹೇಳಿದ್ದಕ್ಕೆ ಏನಾದರೂ ಆಯಿತಾ?’ ಇದನ್ನು ಆ ರೋಗಿಯನ್ನು ನೋಡಿಕೊಳ್ಳುವ ಸಿಸ್ಟರ್ ಕೇಳಬಾರದು. ನೀವು ಯೂನಿಫಾರ್ಮ್ ಹಾಕಿಕೊಂಡೂ ಕೇಳಬಾರದು. ನಾಳೆ ಇಂಜೆಕ್ಷನ್ ಕೊಡುವ ಕೈಗೆ ಯಾರೂ ಕಮ್ಮಿ ಅಂಕ ಕೊಡುವುದಿಲ್ಲ, ಅಲ್ವಾ?

ಓದಲು ಬಾರದವರಿಗೆ ಐದು ಮೆಟ್ಟಿಲಿನ ಉತ್ತರ ಹೇಗೆ ಅಂತ ನೀವು ಮುಂದೆ ಕೇಳುತ್ತೀರಿ. ನಾನು ವಯಸ್ಸಾದವರಿಗೆ ಆಣೆ ಲೆಕ್ಕದಲ್ಲಿ ಕೇಳಿದ್ದೇನೆ. “ರೂಪಾಯಿಗೆ ಎಷ್ಟಾಣೆ ಧೈರ್ಯ ಇದೆ?” ಏನೂ ಇಲ್ಲ, ನಾಲ್ಕಾಣೆ, ಎಂಟಾಣೆ, ಹನ್ನೆರಡಾಣೆ, ಹದಿನಾರಾಣೆ. ಸರಿಯಾಗಿ ಐದು. ಅರ್ಥ ಆಯಿತಾ ಅಂತ ಕೇಳಬೇಕಾದ್ದೇ ಇಲ್ಲ, ಥಟ್ಟಂತ ಹೇಳುತ್ತಾರೆ. ಒಬ್ಬ ತಾತ, “ಮಗಳು ಬಂದ್ರೆ ಹನ್ನೆರಡಾಣೆ, ಹೋದ್ರೆ ನಾಲ್ಕಾಣೆ” ಅಂದಿದ್ದರು. ನಲವತ್ತರ ಒಳಗಿನವರಿಗೆ ಇದು ಹಿಡಿಸುವುದಿಲ್ಲ, ಅವರಿಗೆ ನೂರಕ್ಕೆ ಎಷ್ಟು ಅಂತ ಕೇಳಿ. ಒಂದೇ ಎಚ್ಚರ: ಹೀಗೆ ಉತ್ತರದ ರೀತಿ ಬದಲಿಸಿದರೆ ಬೇರೆ ದೇಶದ ಅಂಕಗಳ ಜೊತೆ ನಿಮ್ಮ ಅಂಕ ಹೋಲಿಸಬೇಡಿ. ಬದಲಿಸಿದ್ದೇನೆ ಅಂತ ಥಿಸಿಸ್‌ನಲ್ಲಿ ಬಾಯಿಬಿಟ್ಟು ಬರೆಯಿರಿ.

ಒಂದು ಭಯವನ್ನೂ ಹೇಳಿಬಿಡುತ್ತೇನೆ. ಒಂದು ಆಸ್ಪತ್ರೆಯಲ್ಲಿ ನನ್ನ ಮಾತು ಕೇಳಿ ಕೇಸ್ ಶೀಟಿನಲ್ಲಿ ಹೊಸ ಕಾಲಮ್ ತಂದರು. ‘ಭಾವನಾತ್ಮಕ, ಆಧ್ಯಾತ್ಮಿಕ ಬೆಂಬಲ ನೀಡಿದೆ: ಹೌದು / ಇಲ್ಲ.’ ಎರಡು ತಿಂಗಳು ಬಿಟ್ಟು ಹೋಗಿ ನೋಡಿದೆ. ಎಲ್ಲ ಬೆಡ್ಡಿಗೂ ‘ಹೌದು’. ಮೂರು ಶಿಫ್ಟಿಗೂ ಒಂದೇ ನೀಲಿ ಪೆನ್ನು, ಒಂದೇ ಓರೆ. ಬೆಳಿಗ್ಗೆ ಆರಕ್ಕೆ ಒಬ್ಬರೇ ಕೂತು ತುಂಬಿದ್ದು. ಆ ಹುಡುಗಿಯ ತಪ್ಪಲ್ಲ ಅದು. ಕಾಲಮ್ ಖಾಲಿ ಬಿಟ್ಟರೆ ಬೈಗುಳ, ತುಂಬಿದರೆ ಸುಮ್ಮನಿರುತ್ತಾರೆ ಅಂತ ನಾವೇ ಕಲಿಸಿದ್ದೆವು. ಹೌದು-ಇಲ್ಲ ಅಂತ ಕೇಳಿದ್ದೇ ತಪ್ಪು. ರೋಗಿಯ ಒಂದು ಮಾತನ್ನು ಬರೆಯಿರಿ ಅಂತ ಕೇಳಿದ್ದರೆ ಅದನ್ನು ಬೆಳಿಗ್ಗೆ ಆರಕ್ಕೆ ಕೂತು ಹುಟ್ಟಿಸುವುದು ಸುಲಭ ಅಲ್ಲ. ಈ ಅಂಕವನ್ನು ಯಾರ ಪ್ರಮೋಷನ್ನಿಗೂ, ಯಾರ ಮೆಮೋಗೂ ಬಳಸುವುದಿಲ್ಲ ಅಂತ ಮೇಲಿನವರಿಂದ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಆಮೇಲೆ ಶುರು ಮಾಡಿ.

ರೋಗಿ ‘ಬೇಡ’ ಅಂದರೆ ಅಲ್ಲಿಗೆ ಬಿಡಿ. ನಮ್ಮ ದೇವರನ್ನು ಅವರ ಹಾಸಿಗೆಗೆ ತೆಗೆದುಕೊಂಡು ಹೋಗುವುದು ಆರೈಕೆ ಅಲ್ಲ. ಜಾತಿ, ಮತ ಕೇಳಿದಂತೆ ಆಗದಿರಲಿ ಅನ್ನುವ ಎಚ್ಚರವೂ ಇರಲಿ. ‘ನಿಮ್ಮ ಕಡೆ ಏನಾದರೂ ನೇಮ ಇದೆಯಾ, ನಾವು ತಿಳಿದುಕೊಂಡಿರಬೇಕಾದ್ದು?’ ಅಂತ ಕೇಳಿದರೆ ಯಾರಿಗೂ ಬೇಜಾರಾಗುವುದಿಲ್ಲ. ಸಂಶೋಧನೆಗೆ ಒಪ್ಪಿಗೆ ಕೊಡುವ ಎಥಿಕಲ್ ಕಮಿಟಿಗೆ ಅರ್ಜಿ ಕೊಡುವಾಗ, ಪ್ರಶ್ನೆ ಕೇಳುವಾಗ ರೋಗಿ ಅತ್ತರೆ ಏನು ಮಾಡುತ್ತೀರಿ ಅಂತ ಒಂದು ಪ್ಯಾರಾ ಬರೆದಿರಿ. ಅಳುತ್ತಾರೆ. ಮಾತು ನಿಲ್ಲಿಸಿ, ಫಾರ್ಮ್ ಪಕ್ಕಕ್ಕಿಟ್ಟು, ಕೂತುಕೊಳ್ಳಿ. ಆ ಫಾರ್ಮ್ ಅರ್ಧಕ್ಕೆ ಉಳಿದರೂ ಪರವಾಗಿಲ್ಲ.

ನಿಮ್ಮ ಥಿಸಿಸ್‌ಗೆ ನನ್ನ ಸಲಹೆ ಇಷ್ಟು. ಮೆಕ್‌ಶೆರ್ರಿ ಟೂಲ್ ಬಿಡಬೇಡಿ, ಅದು ಮೊದಲನೆಯ ಭಾಗಕ್ಕೆ ಇರಲಿ. ಅದರ ಪಕ್ಕದಲ್ಲಿ ಅದೇ ವಾರ್ಡಿನ ಒಂದು ತಿಂಗಳ ಕೇಸ್ ಶೀಟ್ ತೆಗೆದು, ಆ ನಾಲ್ಕು ಸಂಗತಿ ಎಷ್ಟರಲ್ಲಿ ಸಿಗುತ್ತದೆ ಅಂತ ಎಣಿಸಿ. ಮತ್ತೆ ಡಿಸ್ಚಾರ್ಜ್ ಆಗುವ ದಿನ ಕೆಲವು ರೋಗಿಗಳ ಹತ್ತಿರ ಆ ಮೂರು ಪ್ರಶ್ನೆ ಕೇಳಿಸಿ. ಮೂರೂ ಒಂದೇ ಕಡೆ ಮುಖ ಮಾಡದಿದ್ದರೆ ಗಾಬರಿ ಬೇಡ. ಆ ವ್ಯತ್ಯಾಸವೇ ನಿಮ್ಮ ಫಲಿತಾಂಶ. ಸ್ಯಾಂಪಲ್ ಸಣ್ಣದಾಯಿತು ಅಂತ ಗೈಡ್ ಹೇಳಿದರೆ ರೋಗಿಗಳ ಭಾಗವನ್ನು ಸಂದರ್ಶನ ಅಂತ ಮಾಡಿಕೊಳ್ಳಿ. ಅಂಕಕ್ಕಿಂತ ಅವರ ಮಾತೇ ಜಾಸ್ತಿ ಹೇಳುತ್ತದೆ.

ಇನ್ನು ನಿಮ್ಮ ಅಜ್ಜಿ. ನಿಮ್ಮ ಪತ್ರದಲ್ಲಿ ಅವರನ್ನು ಅಲ್ಲಿಗೇ ಬಿಟ್ಟಿದ್ದೀರಿ. ಬೆಳಿಗ್ಗೆ ಮಗನಿಗೋ ಮಗಳಿಗೋ ಹೇಳಿದಿರಾ? ಹೇಳಿಲ್ಲದಿದ್ದರೆ, ಅವರು ಇನ್ನೂ ವಾರ್ಡಿನಲ್ಲಿದ್ದರೆ, ಇವತ್ತು ಅಜ್ಜಿಯನ್ನು ಕೇಳಿಕೊಂಡು ಹೇಳಿ. ಒಂದು ರೂಪಾಯಿಯನ್ನು ಅರಿಶಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿ ಅಜ್ಜಿಯ ಕೈಯಿಂದ ಮುಟ್ಟಿಸಿ ಇಟ್ಟರೆ, ಆಮೇಲೆ ಯಾರಾದರೂ ಅದನ್ನು ಧರ್ಮಸ್ಥಳಕ್ಕೆ ತಲುಪಿಸಬಹುದು ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತು. ಅಜ್ಜಿಗೂ ಗೊತ್ತಿರುತ್ತದೆ. ಯಾರಾದರೂ ಬಂದು ಕೇಳಲಿ ಅಂತ ಕಾಯುತ್ತಿರುತ್ತಾರೆ.

ಕಾಲಮ್ ಇಲ್ಲ ಅಂದಿರಲ್ಲ, ನರ್ಸಸ್ ನೋಟ್ಸ್ ಇದೆ. ಅಲ್ಲಿ ಹೀಗೆ ಬರೆಯಿರಿ:

“ರಾತ್ರಿ 2.10. ಎಚ್ಚರವಾಗಿದ್ದಾರೆ, ಅಳುತ್ತಿದ್ದಾರೆ. ನೋವು 10ಕ್ಕೆ 2. ‘ಮಂಜುನಾಥನ ಹರಕೆ ಬಾಕಿ ಇದೆ, ಅದಕ್ಕೇ ಹಿಂಗಾಯ್ತು’ ಅನ್ನುತ್ತಾರೆ. 20 ನಿಮಿಷ ಹತ್ತಿರ ಕೂತಿದ್ದೆ. 2.45ಕ್ಕೆ ನಿದ್ದೆ ಬಂತು. ಬೆಳಿಗ್ಗೆ ಮಗನ ಹತ್ತಿರ ಮುಡಿಪಿನ ವಿಷಯ ಮಾತಾಡಲು ಅಜ್ಜಿ ಒಪ್ಪಿದ್ದಾರೆ. ಡೇ ಸಿಸ್ಟರ್‌ಗೆ ಹೇಳಿದೆ.”